ಬೆಟ್ಟದ ಮೇಲಿನ ಊರು, ಗೋಡೆಯ ಹೊರಗಿನ ಜನ: ಚಿತ್ರದುರ್ಗದಲ್ಲಿ ಒಂದು ದಿನದ ಕಾಲ್ನಡಿಗೆ

ಪೀಠಿಕೆ

ಬೆಟ್ಟದ ಮೇಲೆ ಕಟ್ಟಿದ ಊರು ಯಾರ ಕಣ್ಣಿಗೂ ಬೀಳದೆ ಅಡಗಿರಲು ಸಾಧ್ಯವಿಲ್ಲವೆಂದು ಕರ್ತನು ಪರ್ವತ ಪ್ರಸಂಗದಲ್ಲಿ ತಿಳಿಸಿದ್ದಾನೆ. ಆ ಮಾತಿನ ಮೇಲೆ ಒಮ್ಮೆಯಾದರೂ ಪ್ರಸಂಗ ಮಾಡದ ಸಭಾಪಾಲಕರು ನಮ್ಮಲ್ಲಿ ವಿರಳ. ಆದರೆ ಅಂಥ ಪ್ರಸಂಗಗಳಲ್ಲಿ ಬೆಟ್ಟದ ಊರು ಎಂದೊಡನೆ ನಮ್ಮ ಮನಸ್ಸು ಗಲಿಲಾಯಕ್ಕೆ ಹೋಗುತ್ತದೆ. ಇಲ್ಲವೆ ಸಭಾಚರಿತ್ರೆಯ ತರಗತಿಯಲ್ಲಿ ಚಿತ್ರಗಳ ಮೂಲಕ ಪರಿಚಯವಾದ ಇಟಲಿಯ ಅಸ್ಸಿಸಿಗೆ ಹೋಗುತ್ತದೆ. ಸುಬಾಸಿಯೋ ಬೆಟ್ಟದ ಇಳಿಜಾರಿನಲ್ಲಿರುವ ಆ ಊರನ್ನು ಒಂದೇ ದಿನದಲ್ಲಿ ನಡೆದು ನೋಡಿ ಮುಗಿಸಬಹುದೆಂದು ಪ್ರವಾಸಿಗರು ಬರೆಯುತ್ತಾರೆ. ನಾವು ಅದನ್ನು ಕಣ್ಣಾರೆ ಕಂಡವರಲ್ಲ. ನಮ್ಮಲ್ಲಿ ಬಹುಮಂದಿಗೆ ಆ ಭಾಗ್ಯ ಒದಗುವುದೂ ಇಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಭೆಗಳಲ್ಲಿ ಸೇವೆ ಮಾಡಿದ ನಾವು ಕೆಲವರು ಒಂದು ದಿನ ನಮ್ಮನ್ನೇ ಕೇಳಿಕೊಂಡೆವು: ಅಸ್ಸಿಸಿಯ ಬೀದಿಗಳ ಹೆಸರು ಬಲ್ಲ ನಮಗೆ ನಮ್ಮ ಬೆನ್ನಿಗಿರುವ ಬೆಟ್ಟದ ಚರಿತ್ರೆ ಎಷ್ಟು ಗೊತ್ತು? ಆ ಪ್ರಶ್ನೆಯೇ ನಮ್ಮನ್ನು ಚಿತ್ರದುರ್ಗಕ್ಕೆ ಕರೆದೊಯ್ದಿತು. ಬೆಳಗಿನಿಂದ ಸಂಜೆಯವರೆಗೆ ಆ ದುರ್ಗವನ್ನು ನಡೆದು ನೋಡಿದ ನಮಗೆ, ಚರಿತ್ರೆಯೊಂದಿಗೆ ನಮ್ಮ ಪ್ರಸಂಗಪೀಠದ ಒಂದು ಲೋಪವೂ ಗೋಚರಿಸಿತು. ಈ ಲೇಖನದಲ್ಲಿ ಅವೆರಡನ್ನೂ ಓದುಗರ ಮುಂದಿಡುತ್ತೇವೆ.

ನಮ್ಮ ಸೀಮೆ ಮತ್ತು ಅದರ ದುರ್ಗಗಳು

ಇಂದಿನ ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಈ ಗಡಿಗಳು ಆಡಳಿತದವು. ಜನರ ನೆನಪಿನ ಗಡಿಗಳು ಬೇರೆ. ಪಶ್ಚಿಮದ ತಾಲ್ಲೂಕುಗಳ ಹಿರಿಯರು ಕೆಳದಿಯ ಅರಸರ ಕಥೆ ಹೇಳಿದರೆ, ಜಗಳೂರಿನ ಬಯಲಿನ ಹಿರಿಯರು ದುರ್ಗದ ನಾಯಕರ ಕಥೆ ಹೇಳುತ್ತಾರೆ.

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಹೋಗುವಾಗ ಅವನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಕೋಪವನ್ನು ತಲೆಯ ಮೇಲೆ ಎಳೆದುಕೊಂಡ ಹೆಂಗಸು ಆಕೆ. ಊರಿಗೆ ಒತ್ತಿಕೊಂಡಿರುವ ಬೆಟ್ಟದ ಮೇಲೆ ಇಂದಿಗೂ ಕೋಟೆಯ ಗೋಡೆಗಳೂ ರಂಗನಾಥನ ಗುಡಿಯೂ ಇವೆ. ಅದೇ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರರ ಕಾಲದ ಪುಷ್ಕರಣಿಯೂ, ನೀರಿನ ನಡುವೆ ವಸಂತಮಂಟಪವೂ, ಅದರ ಎದುರು ಬಿಜಾಪುರದವರ ಕಾಲದ ಮುಸಾಫಿರ್‌ಖಾನೆಯೂ ಒಂದೇ ನೋಟಕ್ಕೆ ಸಿಗುತ್ತವೆ. ನಮ್ಮ ನೆಲದಲ್ಲಿ ಪದರವಿಲ್ಲದ ಚರಿತ್ರೆ ಇಲ್ಲ.

ಇಲ್ಲಿ ಭಾಷೆಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಅನುವಾದವನ್ನು ಕೈಗೊಂಡರು; ವಿಲಿಯಂ ರೀವ್ ಅವರು ಆ ಕೆಲಸದಲ್ಲಿ ಜೊತೆಯಾದರು. ಅವರು ಕುಳಿತು ಬರೆದ ಊರಿನ ತಲೆಯ ಮೇಲೆಯೇ ಬಂಡೆಯ ಬೆಟ್ಟ, ಬೆಟ್ಟದ ಮೇಲೆ ಕೋಟೆ. ದಾವೀದನ ಕೀರ್ತನೆಗಳಲ್ಲಿ ದೇವರನ್ನು ಕರೆಯುವ ಹೆಸರುಗಳಾಗಿ ನಮ್ಮ ಸತ್ಯವೇದದಲ್ಲಿ ಬರುವ ಬಂಡೆ, ಕೋಟೆ, ದುರ್ಗ ಎಂಬ ಮಾತುಗಳನ್ನು ಈ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದುರ್ಗದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ 'ದುರ್ಗಕ್ಕೆ ಹೋಗಿ ಬರುತ್ತೇವೆ' ಎಂದರೆ ಅದು ಪೇಟೆಗೆ ಹೋಗಿ ಬರುವ ಮಾತು. ದೇವರು ನನ್ನ ದುರ್ಗ ಎಂದು ಹಾಡುವ ನಮ್ಮ ಸಭೆಯವನ ಕಣ್ಣಮುಂದೆ ಬರುವುದು ಯೆಹೂದದ ಗುಡ್ಡವಲ್ಲ, ಈ ಕಲ್ಲಿನ ಕೋಟೆಯೇ. ಹಾಗಿದ್ದ ಮೇಲೆ ಈ ದುರ್ಗ ಯಾರಿಗೆ ಆಶ್ರಯವಾಗಿತ್ತು, ಯಾರಿಗೆ ಆಗಿರಲಿಲ್ಲ ಎಂದು ಕೇಳುವುದು ಬೋಧಕನ ಕರ್ತವ್ಯವಾಗುತ್ತದೆ.

ಏಳು ಸುತ್ತಿನ ಬಾಗಿಲುಗಳು

ನಾವು ಬೆಳಗಿನ ಬಿಸಿಲು ಏರುವ ಮುನ್ನವೇ ನಡಿಗೆ ಆರಂಭಿಸಿದೆವು. ಕೆಳಗಿನ ಸುತ್ತುಗಳು ಈಗ ಪೇಟೆಯೊಳಗೆ ಸೇರಿಹೋಗಿವೆ. ರಂಗಯ್ಯನ ಬಾಗಿಲಿನ ಆಸುಪಾಸಿನಲ್ಲಿ ಅಂಗಡಿ, ಮನೆ, ವಾಹನಗಳ ನಡುವೆ ಹಳೆಯ ಗೋಡೆ ಇಣುಕುತ್ತದೆ. ಮೇಲಿನ ಸುತ್ತುಗಳನ್ನು ಹೊಕ್ಕಾಗ ಮಾತ್ರ ಇದನ್ನು ಏಳು ಸುತ್ತಿನ ಕೋಟೆ ಎಂದು ಏಕೆ ಕರೆದರೆಂಬುದು ಕಾಲಿಗೆ ತಿಳಿಯುತ್ತದೆ. ಯಾವ ಬಾಗಿಲಿನಲ್ಲಿ ನಿಂತರೂ ಮುಂದಿನ ಬಾಗಿಲು ನೇರವಾಗಿ ಕಾಣುವುದಿಲ್ಲ. ದಾರಿ ಎಡಕ್ಕೆ ತಿರುಗಿ ಬಲಕ್ಕೆ ಹೊರಳುತ್ತದೆ. ಆನೆಯನ್ನು ಓಡಿಸಿ ತಂದು ಕದಕ್ಕೆ ಗುದ್ದಿಸಲು ಬೇಕಾದ ಜಾಗವನ್ನೇ ಕಟ್ಟಿದವರು ಬಿಟ್ಟಿಲ್ಲ. ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಹೊಂದುವಂತೆ ಕಡಿದು ಕೂರಿಸಿದ್ದಾರೆ. ಹುಟ್ಟುಬಂಡೆ ಎಲ್ಲಿ ಮುಗಿಯಿತು, ಕಟ್ಟಿದ ಗೋಡೆ ಎಲ್ಲಿ ಆರಂಭವಾಯಿತು ಎಂದು ಹೇಳುವುದು ಹಲವೆಡೆ ಕಷ್ಟ.

ಈ ಕೋಟೆ ಒಬ್ಬನ ಕಾಲದ್ದಲ್ಲ. ಬೇಡ ಕುಲದ ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ಈ ಸೀಮೆಯ ಅಧಿಕಾರ ಪಡೆದದ್ದು 16ನೆಯ ಶತಮಾನದಲ್ಲಿ. ವಿಜಯನಗರ ಕುಸಿದ ಬಳಿಕ ಅವನ ವಂಶದವರು ಸ್ವತಂತ್ರರಂತೆ ಆಳಿದರು. ತಲೆಮಾರಿನಿಂದ ತಲೆಮಾರಿಗೆ ಗೋಡೆಗಳು, ಹೊಂಡಗಳು, ಗುಡಿಗಳು ಹೆಚ್ಚುತ್ತ ಹೋದವು. 17ನೆಯ ಶತಮಾನದ ಕೊನೆಯಿಂದ 1721ರವರೆಗೆ ಆಳಿದ ಭರಮಣ್ಣನಾಯಕನನ್ನು ಕಟ್ಟುವುದರಲ್ಲಿ ಎಲ್ಲರಿಗಿಂತ ದೊಡ್ಡವನೆಂದು ಜನ ಸ್ಮರಿಸುತ್ತಾರೆ. ಅವನ ನಂತರ ಬಂದ ಹಿರೇ ಮದಕರಿನಾಯಕನು 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಮಡಿದನು. ಆ ಮಾಯಕೊಂಡ ನಮ್ಮ ಜಿಲ್ಲೆಯ ಒಳಗೇ ಇದೆ.

ಬಾಗಿಲುಗಳನ್ನು ದಾಟಿದ ಮೇಲೆ ಒಂದು ಗುಂಡಿಯಲ್ಲಿ ಆಳೆತ್ತರದ ಬೀಸುವ ಕಲ್ಲುಗಳು ನಿಂತಿವೆ. ಇವು ಹಿಟ್ಟು ಬೀಸಿದವಲ್ಲ. ತೋಪಿನ ಮದ್ದನ್ನು ಅರೆದವು. ನಮ್ಮೊಡನಿದ್ದ ಒಬ್ಬ ಕಿರಿಯ ಸೇವಕರು ಅವುಗಳ ಮುಂದೆ ಬಹಳ ಹೊತ್ತು ನಿಂತರು. ರೊಟ್ಟಿಯ ಸಾಧನವೇ ಸಾವಿನ ಸಾಧನವಾಗುವುದು ಎಷ್ಟು ಸುಲಭ! ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಬಡಿಯುವ ಯೆಶಾಯನ ದರ್ಶನಕ್ಕೆ ವಿರುದ್ಧವಾದ ದೃಷ್ಟಾಂತವನ್ನು ಹುಡುಕುವವರಿಗೆ ಈ ಗುಂಡಿ ಸಾಕು.

ನೀರು ಮತ್ತು ಗುರುಪೀಠ

ಮೇಲುದುರ್ಗದಲ್ಲಿ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಗೋಪಾಲಕೃಷ್ಣ ಮೊದಲಾದ ಗುಡಿಗಳಿವೆ. ಮಹಾಭಾರತದ ಹಿಡಿಂಬನು ಈ ಬೆಟ್ಟದಲ್ಲಿದ್ದನೆಂಬುದು ಸ್ಥಳಪುರಾಣ. ದೀಪಸ್ತಂಭಗಳೂ ಉಯ್ಯಾಲೆಯ ಕಂಬಗಳೂ ಬಯಲಿನಲ್ಲಿ ಎತ್ತರಕ್ಕೆ ನಿಂತಿವೆ. ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆಯದೆಂದು ತೋರಿಸುವ ಕಟ್ಟಡದ ಮಣ್ಣಿನ ಗೋಡೆಗಳು ಮಳೆಗಾಳಿಗೆ ಸವೆದರೂ ಬಿದ್ದಿಲ್ಲ. ಹಳೆಯ ಮುರುಘಾಮಠದ ಕಟ್ಟಡವೂ ಕೋಟೆಯ ಒಳಗೇ ಇದೆ. ಬೇಡ ಕುಲದ ಅರಸರು ವೀರಶೈವ ಗುರುಗಳಿಗೆ ತಲೆಬಾಗಿದರು. ಅದೇ ಅರಸರು ವಿಷ್ಣುವಿಗೂ ಶಕ್ತಿದೇವತೆಗೂ ನಡೆದುಕೊಂಡರು. ಅವರ ಸೇವೆಯಲ್ಲಿದ್ದ ಸಿಪಾಯಿಗಳಲ್ಲಿ ಮುಸಲ್ಮಾನರೂ ಇದ್ದರು. ಈ ದುರ್ಗದ ಚರಿತ್ರೆಯನ್ನು ಒಂದು ಮತದ ಮೇಲೆ ಇನ್ನೊಂದು ಮತ ಹೂಡಿದ ಯುದ್ಧವೆಂದು ಹೇಳುವವರು ಇಂದು ಹೆಚ್ಚುತ್ತಿದ್ದಾರೆ. ಕಲ್ಲುಗಳು ಆ ಮಾತಿಗೆ ಸಾಕ್ಷಿ ನುಡಿಯುವುದಿಲ್ಲ.

ಎಲ್ಲಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನೀರಿನ ವ್ಯವಸ್ಥೆ. ಮಳೆಯ ನೀರು ಬಂಡೆಗಳ ಮೇಲಿಂದ ಹರಿದು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿದ ಮೇಲೆ ನೀರು ಕೆಳಗಿರುವ ಅಕ್ಕತಂಗಿ ಹೊಂಡಕ್ಕೆ ಬರುತ್ತದೆ. ಅಲ್ಲಿಂದ ಇನ್ನೂ ಕೆಳಗೆ ಊರಿನ ಹೊಂಡಗಳವರೆಗೆ ಒಂದರ ಹೆಚ್ಚಳ ಇನ್ನೊಂದರ ಪಾಲಾಗುವಂತೆ ಏರ್ಪಾಟು ಮಾಡಿದ್ದಾರೆ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಮುತ್ತಿಗೆಗಳನ್ನು ತಡೆದುಕೊಂಡದ್ದು ಗೋಡೆಗಳ ಬಲದಿಂದ ಮಾತ್ರವಲ್ಲ, ಈ ಹೊಂಡಗಳ ಬಲದಿಂದ. ಹಿಜ್ಕೀಯನು ಯೆರೂಸಲೇಮಿಗೆ ಸುರಂಗದ ಮೂಲಕ ನೀರು ತಂದ ಸಂಗತಿಯನ್ನು ಹಳೆ ಒಡಂಬಡಿಕೆಯ ತರಗತಿಯಲ್ಲಿ ಕಲಿತವರು ಈ ಹೊಂಡಗಳ ದಂಡೆಯಲ್ಲಿ ಕುಳಿತು ಅದನ್ನು ಮತ್ತೊಮ್ಮೆ ಓದಬೇಕು. ಮುತ್ತಿಗೆ ಬಿದ್ದ ಊರಿನಲ್ಲಿ ನೀರೇ ರಾಜನೀತಿ ಎಂಬುದು ಆಗ ಅರ್ಥವಾಗುತ್ತದೆ.

ನೀರು ಎಲ್ಲರಿಗೂ ಬೇಕು. ಆದರೆ ಯಾವ ಹೊಂಡದಿಂದ ಯಾರು ತುಂಬಿಕೊಳ್ಳಬಹುದಿತ್ತು? ನಮ್ಮ ಹಳ್ಳಿಗಳ ಬಾವಿಕಟ್ಟೆಗಳ ನೆನಪುಳ್ಳ ಯಾರಿಗೂ ಈ ಪ್ರಶ್ನೆ ಏಳದೆ ಇರದು. ಅದೇ ಪ್ರಶ್ನೆಯನ್ನು ಹೊತ್ತು ನಾವು ಮಧ್ಯಾಹ್ನದ ಹೊತ್ತಿಗೆ ಓಬವ್ವನ ಕಿಂಡಿಯ ಕಡೆಗೆ ಇಳಿದೆವು.

ಕಿಂಡಿಯ ಬಳಿ

ಕಥೆ ಎಲ್ಲರಿಗೂ ತಿಳಿದದ್ದೇ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಬಂಡೆಗಳ ಸಂದಿಯಲ್ಲಿ ಒಬ್ಬನು ನುಸುಳಬಹುದಾದ ಒಂದು ಕಿಂಡಿಯಿತ್ತು. ಅಲ್ಲಿನ ಬುರುಜಿನ ಕಾವಲುಗಾರ ಊಟಕ್ಕೆ ಕುಳಿತಿದ್ದ ಹೊತ್ತು. ನೀರು ತರಲು ಹೋದ ಅವನ ಹೆಂಡತಿ ಶತ್ರುಗಳ ಪಿಸುಮಾತು ಕೇಳಿದಳು. ಉಣ್ಣುತ್ತಿದ್ದವನನ್ನು ಎಬ್ಬಿಸದೆ ಒನಕೆಯನ್ನು ತಂದು ಕಿಂಡಿಯ ಬದಿಯಲ್ಲಿ ನಿಂತಳು. ಒಬ್ಬೊಬ್ಬನಾಗಿ ತಲೆ ತೂರಿಸಿದವರನ್ನು ಹೊಡೆದು ಪಕ್ಕಕ್ಕೆ ಎಳೆದು ಹಾಕಿದಳು. ಕೊನೆಗೆ ತಾನೂ ಅಲ್ಲಿಯೇ ಸತ್ತಳು. ತರಾಸು ಅವರ ಕಾದಂಬರಿಯನ್ನು ಆಧರಿಸಿ 1972ರಲ್ಲಿ ಬಂದ 'ನಾಗರಹಾವು' ಚಲನಚಿತ್ರ ಈ ಕಥೆಯನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಈಗ ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತದೆ.

ತಣ್ಣೀರು ದೋಣಿ ಎಂಬ ಸಣ್ಣ ನೀರಿನ ತಾಣ ಹತ್ತಿರದಲ್ಲಿಯೇ ಇದೆ. ಕಿಂಡಿಯ ಎದುರು ನಿಂತಾಗ ನಾವು ಅದರ ಕಿರಿದನ್ನು ಕಂಡು ಬೆರಗಾದೆವು. ಏಳು ಸುತ್ತು ಗೋಡೆ ಕಟ್ಟಿದ ಅರಸರ ದುರ್ಗ ಒಂದು ತಲೆ ತೂರುವಷ್ಟು ಜಾಗದಲ್ಲಿ ದುರ್ಬಲವಾಗಿತ್ತು. ಆ ದೌರ್ಬಲ್ಯವನ್ನು ಕಾದದ್ದು ಕೂಲಿಯಿಲ್ಲದ, ಪದವಿಯಿಲ್ಲದ ಒಬ್ಬ ಹೆಂಗಸು. ಆಕೆಯ ಕಥೆ ಅರಸರ ಶಾಸನಗಳಿಂದಲ್ಲ, ಜನರ ಬಾಯಿಯಿಂದ ಉಳಿದು ಬಂದದ್ದು. ಬೆಳಗಿನ ಜಾವ ಸಮಾಧಿಗೆ ಹೋದ ಹೆಂಗಸರ ಮಾತನ್ನು ಮೊದಲು ಯಾರೂ ನಂಬದೆ ಹೋದದ್ದನ್ನು ಬಲ್ಲ ಸಭೆಯು, ಬಾಯಿಮಾತಿನ ಸಾಕ್ಷಿಯನ್ನು ಸುಲಭವಾಗಿ ತಳ್ಳಿಹಾಕಬಾರದು.

ಇಲ್ಲಿಯೇ ನಮ್ಮ ಗುಂಪಿನ ಹಿರಿಯರೊಬ್ಬರು ತಮ್ಮ ಅನುಭವವನ್ನು ಹೇಳಿದರು. ಅವರು ಜಗಳೂರಿನ ಕಡೆಯ ಒಂದು ಹಳ್ಳಿಯ ಸಭೆಯಲ್ಲಿ ಬಹುಕಾಲ ಸೇವೆ ಮಾಡಿದವರು. ಒಂದು ಭಾನುವಾರ ನ್ಯಾಯಸ್ಥಾಪಕರ ಪುಸ್ತಕದಿಂದ ಯಾಯೇಲಳ ಕಥೆಯನ್ನು ತೆಗೆದುಕೊಂಡು, ಗುಡಾರದ ಗೂಟಕ್ಕೂ ಓಬವ್ವನ ಒನಕೆಗೂ ಹೋಲಿಕೆ ಕೊಟ್ಟು, ಮನೆಯ ಸಾಧನವನ್ನೇ ದೇವರು ಬಳಸುತ್ತಾನೆಂದು ಪ್ರಸಂಗ ಮಾಡಿದರಂತೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬಾಗಿಲ ಬಳಿ ಅವರ ಕೈ ಹಿಡಿದು, "ಅಯ್ಯನೋರೆ, ಕಥಿ ಚೆಂದಾಗಿ ಹೇಳಿದ್ರಿ. ಆದ್ರೆ ಆಕಿ ಯಾರು ಅನ್ನಾದ್ ಮಾತ್ರ ಹೇಳ್ಲಿಲ್ಲ. ಆಕಿ ನಮ್ಮ ಕೇರಿಯಾಕಿ" ಎಂದಳಂತೆ. "ನಾನು ಏನೂ ಉತ್ತರ ಕೊಡಲಿಲ್ಲ. ಗೊತ್ತಿಲ್ಲದೆ ಬಿಟ್ಟದ್ದಾಗಿದ್ದರೆ ಕ್ಷಮೆ ಕೇಳುತ್ತಿದ್ದೆ. ಗೊತ್ತಿದ್ದೂ ಬಿಟ್ಟಿದ್ದೆ" ಎಂದು ಆ ಹಿರಿಯರು ಹೇಳಿದಾಗ ನಾವಾರೂ ಮಾತನಾಡಲಿಲ್ಲ.

ಓಬವ್ವ ಛಲವಾದಿ ಸಮುದಾಯದವಳೆಂದು ಜನಶ್ರುತಿ ಸ್ಪಷ್ಟವಾಗಿ ಹೇಳುತ್ತದೆ. ಊರ ಗೋಡೆಯ ಆಚೆ ಕೇರಿಯಲ್ಲಿ ಇರಿಸಲ್ಪಟ್ಟ ಜನರಿಂದ ಬಂದವಳು ಊರನ್ನು ಕಾದಳು. ನಮ್ಮ ಹಳ್ಳಿಯ ಸಭೆಗಳಲ್ಲಿ ಸುವಾರ್ತೆಗೆ ಮೊದಲು ಕಿವಿಗೊಟ್ಟವರಲ್ಲಿ ಬಹುಮಂದಿ ಅದೇ ಕೇರಿಗಳವರು. ಆದರೂ ಪ್ರಸಂಗಪೀಠದಿಂದ ನಾವು ಆಕೆಯನ್ನು 'ಒಬ್ಬ ಧೀರ ಮಹಿಳೆ' ಎಂದಷ್ಟೇ ಕರೆಯುತ್ತೇವೆ. ಕ್ರಿಸ್ತನಲ್ಲಿ ಕುಲವಿಲ್ಲ ಎಂಬ ಉಪದೇಶವನ್ನು ಕುಲದ ನೋವಿನ ಬಗ್ಗೆ ಮೌನವಾಗಿರಲು ಅಪ್ಪಣೆಯೆಂದು ಭಾವಿಸಿದ್ದೇವೆ. ಹಾಗೆ ಭಾವಿಸಿದ ನಮ್ಮ ಸಭೆಗಳಲ್ಲಿಯೇ ಮದುವೆಯ ಮಾತು ಬಂದಾಗ ಎಷ್ಟು ಸುತ್ತಿನ ಗೋಡೆಗಳು ಏಳುತ್ತವೆಂಬುದು ಓದುಗರಿಗೆ ತಿಳಿಯದ್ದಲ್ಲ.

ಇನ್ನೊಂದು ಕಡೆಯಿಂದಲೂ ಈ ಕಿಂಡಿಯನ್ನು ನೋಡಬೇಕು. ಒಳಗೆ ತಲೆ ತೂರಿಸಿದ ಸಿಪಾಯಿಗಳು ಯಾರು? ಮುಂದಿನವನಿಗೆ ಏನಾಯಿತೆಂದು ತಿಳಿಯದೆ ಅಧಿಕಾರಿಯ ಆಜ್ಞೆಗೆ ಒಬ್ಬೊಬ್ಬರಾಗಿ ಬಗ್ಗಿದ ಸಂಬಳದ ಆಳುಗಳು. ಅವರ ಹೆಸರನ್ನು ಯಾವ ಕಥೆಯೂ ಹೇಳುವುದಿಲ್ಲ. ಸೀಸೆರನ ತಾಯಿ ಕಿಟಕಿಯಲ್ಲಿ ನಿಂತು ಮಗನ ರಥಕ್ಕಾಗಿ ಕಾಯುವುದನ್ನು ದೆಬೋರಳ ಹಾಡು ಮರೆತಿಲ್ಲ. ವೈರಿಯನ್ನು ಪ್ರೀತಿಸಬೇಕೆಂದು ಅದೇ ಪರ್ವತ ಪ್ರಸಂಗದಲ್ಲಿ ಕೇಳಿದ ನಾವು ಓಬವ್ವನ ಧೈರ್ಯಕ್ಕೆ ತಲೆಬಾಗುವಾಗ ಕಿಂಡಿಯ ಆಚೆಯ ತಾಯಂದಿರನ್ನೂ ನೆನೆಯಬೇಕು.

1779: ಬಿದ್ದ ದುರ್ಗ, ಒಯ್ಯಲ್ಪಟ್ಟ ಜನ

ಕಿಂಡಿ ಉಳಿದರೂ ದುರ್ಗ ಕೊನೆಗೆ ಉಳಿಯಲಿಲ್ಲ. ಕೊನೆಯ ಮದಕರಿನಾಯಕನು ಹಿಂದೆ ಹೈದರನ ದಂಡಯಾತ್ರೆಗಳಲ್ಲಿ ಅವನಿಗೆ ನೆರವಾದವನೇ. ಮರಾಠರಿಗೂ ಮೈಸೂರಿಗೂ ನಡುವೆ ಸಿಕ್ಕ ಸಣ್ಣ ರಾಜ್ಯಕ್ಕೆ ಎರಡು ಕಡೆಯನ್ನೂ ಮೆಚ್ಚಿಸುವುದು ಸಾಧ್ಯವಾಗಲಿಲ್ಲ. ಹಲವು ಮುತ್ತಿಗೆಗಳ ನಂತರ 1779ರಲ್ಲಿ, ಒಳಗಿನವರಲ್ಲಿ ಕೆಲವರು ಪಕ್ಷ ಬದಲಿಸಿದ ಮೇಲೆ, ದುರ್ಗ ಹೈದರನ ವಶವಾಯಿತು. ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅಷ್ಟಕ್ಕೇ ನಿಲ್ಲಲಿಲ್ಲ; ದುರ್ಗದ ಬೇಡರಲ್ಲಿ ಸುಮಾರು 20,000 ಮಂದಿಯನ್ನು ಅಲ್ಲಿಗೆ ಸಾಗಿಸಲಾಯಿತೆಂದೂ, ಹುಡುಗರನ್ನು ಆರಿಸಿ 'ಚೇಲ'ರೆಂಬ ಪಡೆಯಾಗಿ ಮಾಡಲಾಯಿತೆಂದೂ ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತದೆ.

ಅರಸುಗಳ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅರಸ, ಅರಸನ ಮನೆಯವರು, ಯುದ್ಧಶಕ್ತರು, ಕಸುಬುದಾರರು ಒಯ್ಯಲ್ಪಡುತ್ತಾರೆ. ನೆಲದಲ್ಲಿ ಬಡವರು ಉಳಿಯುತ್ತಾರೆ. ಸೆರೆಯ ಸಾಹಿತ್ಯವನ್ನು ನಾವು ಬಾಬೆಲಿನದೆಂದು ಮಾತ್ರ ಓದುತ್ತೇವೆ. ನಮ್ಮ ಹಳ್ಳಿಗಳ ಲಾವಣಿಕಾರರು ಮದಕರಿಯ ಸೆರೆಯನ್ನು ಹಾಡುತ್ತ ಬಂದಿರುವುದನ್ನು ಕೇಳಿಸಿಕೊಂಡರೆ, ಪ್ರಲಾಪಗಳ ಪುಸ್ತಕವನ್ನು ಕನ್ನಡದ ಕಿವಿಯಿಂದ ಕೇಳಬಹುದು.

ನಾಲ್ಕೇ ವರ್ಷಗಳ ನಂತರ ಈ ದುರ್ಗವೇ ಇತರರಿಗೆ ಸೆರೆಮನೆಯಾಯಿತು. 1783ರಲ್ಲಿ ಬಿದನೂರು ಟಿಪ್ಪುವಿನ ವಶವಾದಾಗ ಸೆರೆಸಿಕ್ಕ ಇಂಗ್ಲಿಷ್ ಸೈನ್ಯದವರಲ್ಲಿ ಕೆಲವರನ್ನು ಇಲ್ಲಿಗೆ ನಡೆಸಿ ತಂದು ಇರಿಸಿದರು. ಕ್ರೈಸ್ತರ ಪ್ರಾರ್ಥನೆ ಈ ಬಂಡೆಗಳ ನಡುವೆ ಆಗ ಕೇಳಿಬಂದಿದ್ದರೆ ಅದು ಸಂಕೋಲೆ ತೊಟ್ಟವರ ಪ್ರಾರ್ಥನೆ. ಅದನ್ನು ಮಾತ್ರ ಹೇಳಿ ಬೇಡರ ಸೆರೆಯನ್ನು ಬಿಟ್ಟರೆ ನಾವು ಚರಿತ್ರೆಯನ್ನು ಅರ್ಧಕ್ಕೆ ಕತ್ತರಿಸಿದಂತಾಗುತ್ತದೆ. ತನ್ನವರ ನೋವನ್ನು ಮಾತ್ರ ಎಣಿಸುವ ಸ್ಮರಣೆ ಬೇಗನೆ ಹಗೆಯಾಗುತ್ತದೆ. ಮದಕರಿಯ ವಂಶದವರ ನೋವು, ಹೈದರನ ಸಿಪಾಯಿಯ ನೋವು, ಸಂಕೋಲೆಯ ಪರದೇಶಿಯ ನೋವು ಇವೆಲ್ಲವನ್ನೂ ಒಂದೇ ಪ್ರಾರ್ಥನೆಯಲ್ಲಿ ಹಿಡಿಯಬಲ್ಲ ಸ್ಮರಣೆಯನ್ನು ಕರ್ತನ ಭೋಜನದ ಮೇಜು ನಮಗೆ ಕಲಿಸಬೇಕು.

ಅಸ್ಸಿಸಿಯ ಗೋಡೆ

ಮಧ್ಯಾಹ್ನದ ಬುತ್ತಿಯನ್ನು ಬಿಚ್ಚಿ ಬಂಡೆಯ ನೆರಳಿನಲ್ಲಿ ಕುಳಿತಾಗ ಮಾತು ಮತ್ತೆ ಅಸ್ಸಿಸಿಗೆ ಹೊರಳಿತು. ಅದೂ ಬೆಟ್ಟದ ಊರು, ಗೋಡೆಯ ಊರು. ಅದರ ನೆತ್ತಿಯ ಮೇಲಿದ್ದ ಕೋಟೆಯನ್ನು 1198ರಲ್ಲಿ ಊರವರೇ ದಂಗೆಯೆದ್ದು ಕೆಡವಿದರು. ನೆರೆಯ ಪೆರೂಜಾ ನಗರದ ಮೇಲೆ ಅಸ್ಸಿಸಿ 1202ರಲ್ಲಿ ಯುದ್ಧ ಹೂಡಿದಾಗ ಬಟ್ಟೆ ವ್ಯಾಪಾರಿಯ ಮಗನಾದ ಯುವಕ ಫ್ರಾನ್ಸಿಸನು ಕುದುರೆಯೇರಿ ಹೋಗಿ ಸೆರೆಸಿಕ್ಕಿದನು. ಸುಮಾರು ಒಂದು ವರ್ಷ ಪೆರೂಜಾದ ಬಂದೀಖಾನೆಯಲ್ಲಿದ್ದು ರೋಗಿಯಾಗಿ ಮರಳಿದನು. ನಾವು ಸಂತನೆಂದು ಕರೆಯುವವನು ಮೊದಲು ಒಂದು ಬೆಟ್ಟದ ಊರಿನ ಸಿಪಾಯಿ, ಇನ್ನೊಂದು ಬೆಟ್ಟದ ಊರಿನ ಸೆರೆಯಾಳು.

ಅವನ ತಿರುವು ಊರೊಳಗಿನ ಚೌಕದಲ್ಲಿ ಮಾತ್ರ ಆದದ್ದಲ್ಲ. ತನ್ನನ್ನು ಕುಷ್ಠರೋಗಿಗಳ ನಡುವೆ ದೇವರೇ ಕರೆದೊಯ್ದನೆಂದೂ, ಕಹಿಯಾಗಿದ್ದದ್ದು ಅಲ್ಲಿ ಸಿಹಿಯಾಯಿತೆಂದೂ ಅವನು ತನ್ನ ಕೊನೆಗಾಲದ ಒಡಂಬಡಿಕೆಯಲ್ಲಿ ನೆನೆದಿದ್ದಾನೆ. ಆ ರೋಗಿಗಳು ಇದ್ದದ್ದು ಗೋಡೆಯ ಹೊರಗೆ. ಅವನು ಕಲ್ಲು ಹೊತ್ತು ದುರಸ್ತಿ ಮಾಡಿದ ಸಂತ ದಮಿಯಾನೊ ಗುಡಿ ಇರುವುದು ಗೋಡೆಯ ಕೆಳಗಿನ ಇಳಿಜಾರಿನಲ್ಲಿ. ಸಹೋದರರು ನೆಲೆಗೊಂಡ ಪೊರ್ಸಿಯುಂಕೊಲ ಇನ್ನೂ ಕೆಳಗೆ ಬಯಲಿನಲ್ಲಿ. 1226ರಲ್ಲಿ ಅವನು ಸತ್ತದ್ದೂ ಅಲ್ಲಿಯೇ. ಬೆಟ್ಟದ ಮೇಲಿನ ದೊಡ್ಡ ಬಸಿಲಿಕಕ್ಕೆ ಅಡಿಗಲ್ಲು ಬಿದ್ದದ್ದು 1228ರಲ್ಲಿ, ಅವನನ್ನು ಸಂತನೆಂದು ಸಾರಿದ ಮೇಲೆ. ಆ ಜಾಗ ಮೊದಲು ಅಪರಾಧಿಗಳನ್ನು ಕೊಲ್ಲುವ ಸ್ಥಳವಾಗಿತ್ತೆಂದೂ ಜನ ಅದನ್ನು ನರಕದ ಗುಡ್ಡವೆಂದು ಕರೆಯುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಊರ ಹೊರಗಿನ ಕೊಲೆಗುಡ್ಡ ಎಂದೊಡನೆ ನಮಗೆ ಗೊಲ್ಗೊಥಾ ನೆನಪಾಗದೆ ಇರದು.

ಹೀಗೆ ಅಸ್ಸಿಸಿಯ ಸುವಾರ್ತೆ ನಡೆದದ್ದು ಬೆಟ್ಟದಿಂದ ಇಳಿಯುವ ದಾರಿಯಲ್ಲಿ. ಬೆಟ್ಟದ ಊರು ಕಾಣುವಂತಾದದ್ದು ಗೋಡೆಯ ಎತ್ತರದಿಂದಲ್ಲ, ಗೋಡೆಯ ಬಾಗಿಲಿನಿಂದ ಹೊರನಡೆದವನಿಂದ. ಯೇಸು ಪಟ್ಟಣದ ಬಾಗಿಲಿನ ಆಚೆ ಶ್ರಮೆಪಟ್ಟದ್ದರಿಂದ ನಾವೂ ಪಾಳೆಯದ ಹೊರಗೆ ಆತನ ಬಳಿಗೆ ಹೋಗಬೇಕೆಂಬ ಇಬ್ರಿಯ ಪತ್ರಿಕೆಯ ಬೋಧನೆಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಬೇಕಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು. ಫ್ರಾನ್ಸಿಸನು ಒಳಗಿನವನಾಗಿದ್ದು ಇಚ್ಛೆಯಿಂದ ಹೊರಗೆ ಹೋದನು. ಓಬವ್ವನ ಕೇರಿಯವರನ್ನು ಹೊರಗೆ ಇರಿಸಲಾಯಿತು. ಇಚ್ಛೆಯಿಂದ ಬಡವನಾದವನ ಕಥೆಯನ್ನು ಬಲವಂತದಿಂದ ಬಡವರಾದವರ ಮುಂದೆ ಆದರ್ಶವೆಂದು ಇಡುವ ಬೋಧಕನು ಎಚ್ಚರದಿಂದ ಇರಬೇಕು. ಅವರಿಗೆ ಬೇಕಾದದ್ದು ಬಡತನದ ಹೊಗಳಿಕೆಯಲ್ಲ, ಬಾಗಿಲು ತೆರೆಯುವುದು.

ಚಂದ್ರವಳ್ಳಿಯ ನಾಣ್ಯ

ಸಂಜೆಗೆ ನಾವು ಬೆಟ್ಟದ ಇನ್ನೊಂದು ಮಗ್ಗುಲಿನ ಚಂದ್ರವಳ್ಳಿಗೆ ಬಂದೆವು. ಬೆಟ್ಟಗಳ ನಡುವಿನ ಕೆರೆ, ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ, ಒಳಗೆ ಗವಿಗಳು. ನಾಯಕರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇಲ್ಲಿ ಊರಿತ್ತು. ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅವರು ಇಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ದೆನಾರಿಯಸ್ ಎಂಬ ಬೆಳ್ಳಿ ನಾಣ್ಯಗಳು ಈ ಮಣ್ಣಿನಲ್ಲಿ ಸಿಕ್ಕಿವೆ. ಅವು ಅಗಸ್ಟಸ್ ಮತ್ತು ತಿಬೇರಿಯ ಎಂಬ ಕೈಸರರವು.

ತಿಬೇರಿಯನ ಆಳ್ವಿಕೆಯ ಹದಿನೈದನೆಯ ವರ್ಷದಲ್ಲಿ ಸ್ನಾನಿಕನಾದ ಯೋಹಾನನು ಸಾರತೊಡಗಿದನೆಂದು ಲೂಕನು ಕಾಲವನ್ನು ಗುರುತಿಸುತ್ತಾನೆ. ದೇವಾಲಯದಲ್ಲಿ ವಿರೋಧಿಗಳು ಯೇಸುವಿನ ಕೈಗೆ ತಂದುಕೊಟ್ಟ ನಾಣ್ಯದ ಮೇಲಿದ್ದ ಮುಖವೂ ಅದೇ ತಿಬೇರಿಯನದೆಂದು ಪಂಡಿತರು ಸಾಮಾನ್ಯವಾಗಿ ಒಪ್ಪುತ್ತಾರೆ. ಅದೇ ಮುಖ ಮೂಡಿದ ನಾಣ್ಯ ಸಮುದ್ರ ದಾಟಿ ವ್ಯಾಪಾರಿಗಳ ಚೀಲದಲ್ಲಿ ಈ ಬೆಟ್ಟದ ಬುಡಕ್ಕೆ ಬಂದಿತ್ತು. ಇಟಲಿಗೂ ದುರ್ಗಕ್ಕೂ ನಂಟು ಹುಡುಕಲು ನಾವು ಹೊರಟವರಲ್ಲ. ಅದು ಕಾಲಬುಡದಲ್ಲಿಯೇ ಸಿಕ್ಕಿತು. ಸುವಾರ್ತೆಯ ಕಾಲ ಎಂಬುದು ಬೇರೆ ಲೋಕದ ಕಾಲವಲ್ಲ. ಯೇಸು ಗಲಿಲಾಯದ ದಾರಿಗಳಲ್ಲಿ ನಡೆಯುತ್ತಿದ್ದ ದಿನಗಳು ಇಲ್ಲಿಯೂ ದಿನಗಳೇ ಆಗಿದ್ದವು. ಇಲ್ಲಿಯೂ ಯಾರೋ ಕಲ್ಲು ಕಡಿಯುತ್ತಿದ್ದರು, ಯಾರೋ ನೀರು ಹೊರುತ್ತಿದ್ದರು, ಯಾರನ್ನೋ ಊರ ಹೊರಗೆ ನಿಲ್ಲಿಸಲಾಗಿತ್ತು.

ಉಪಸಂಹಾರ

ಕತ್ತಲಾಗುವ ಮೊದಲು ನಾವು ಬಸ್ ನಿಲ್ದಾಣಕ್ಕೆ ನಡೆದೆವು. ಒಂದು ದಿನದಲ್ಲಿ ದುರ್ಗವನ್ನು ಪೂರ್ತಿಯಾಗಿ ಕಂಡೆವೆಂದು ಹೇಳುವುದು ಅಹಂಕಾರವಾದೀತು. ತುಪ್ಪದ ಕೊಳದ ಬತೇರಿಗೆ ಏರಲು ನಮ್ಮಲ್ಲಿ ಹಿರಿಯರ ಕಾಲು ಒಪ್ಪಲಿಲ್ಲ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಇನ್ನೊಂದು ದಿನದ ದಾರಿ. ಆದರೆ ಮೂರು ಮಾತುಗಳನ್ನು ನಮ್ಮ ಸಹಸೇವಕರ ಮುಂದೆಯೂ, ಸೇವೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳ ಮುಂದೆಯೂ ಇಡಬಯಸುತ್ತೇವೆ.

ಮೊದಲನೆಯದು, ಒಂದು ಸಭೆಗೆ ನೇಮಕಗೊಂಡು ಹೋದವನು ಮೊದಲ ವರ್ಷದಲ್ಲಿಯೇ ಆ ಊರಿನ ಬೆಟ್ಟ, ಕೆರೆ, ಗುಡಿ, ದರ್ಗಾ, ಕೇರಿಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ವಾಹನದಲ್ಲಿ ಹಾದುಹೋದವನಿಗೆ ಬಾಗಿಲು ಎಲ್ಲಿ ತಿರುಗುತ್ತದೆಂದು ತಿಳಿಯುವುದಿಲ್ಲ.

ಎರಡನೆಯದು, ಊರಿನ ಚರಿತ್ರೆಯನ್ನು ಗೆದ್ದವರ ಬಾಯಿಂದ ಮಾತ್ರ ಕೇಳಬಾರದು. ಶಾಸನದಲ್ಲಿ ಇಲ್ಲದ ಹೆಸರು ಕೇರಿಯ ಅಜ್ಜಿಯ ನೆನಪಿನಲ್ಲಿ ಇರುತ್ತದೆ. ಆಕೆಯ ಮನೆಯ ಜಗಲಿಯಲ್ಲಿ ಕುಳಿತು ಕೇಳುವ ಸಮಯವನ್ನು ಸೇವೆಯ ಸಮಯವೆಂದೇ ಎಣಿಸಬೇಕು.

ಮೂರನೆಯದು, ನಮ್ಮ ಪ್ರಸಂಗಗಳಲ್ಲಿ ದುರ್ಗ ಎಂಬ ಮಾತು ಬಂದಾಗ ಅದರ ಬಾಗಿಲಿನ ಮಾತನ್ನೂ ಆಡಬೇಕು. ದೇವರು ದುರ್ಗವಾಗಿರುವುದು ಕೆಲವರನ್ನು ಹೊರಗಿಡುವುದಕ್ಕಲ್ಲ. ಆಶ್ರಯ ಬೇಡಿ ಬಂದವನಿಗಾಗಿ ಚಕ್ರವರ್ತಿಯ ಕೋಪವನ್ನು ಎದುರಿಸಿದ ಚೆನ್ನಮ್ಮಾಜಿಯ ನೆನಪನ್ನು ಹೆಸರಿನಲ್ಲಿಯೇ ಹೊತ್ತಿರುವ ಊರು ನಮ್ಮ ನಡುವೆ ಇದೆ. ಅಷ್ಟಾದರೂ ಬಾಗಿಲು ತೆರೆಯದ ಸಭೆಯು ಆ ಹೆಸರಿನ ಊರಿನಲ್ಲಿ ತಲೆಯೆತ್ತಿ ನಿಲ್ಲುವುದು ಹೇಗೆ?

ಆ ಅಜ್ಜಿ ಈಗ ಇಲ್ಲವೆಂದು ಹಿರಿಯರು ಹಿಂತಿರುಗುವಾಗ ಹೇಳಿದರು. ಆಕೆಯ ಮೊಮ್ಮಕ್ಕಳು ಸಭೆಯಲ್ಲಿದ್ದಾರೆ. ಮುಂದಿನ ತಿಂಗಳು ಆ ಸಭೆಯಲ್ಲಿ ತಮಗೆ ಪ್ರಸಂಗದ ಸರದಿ ಇದೆಯೆಂದೂ, ನ್ಯಾಯಸ್ಥಾಪಕರ ಅದೇ ಅಧ್ಯಾಯವನ್ನು ಮತ್ತೆ ತೆಗೆದುಕೊಳ್ಳುವುದಾಗಿಯೂ, ಈ ಸಲ ಆಕೆ ಯಾವ ಕೇರಿಯವಳೆಂಬುದನ್ನು ಹೇಳಿಯೇ ಕಥೆ ಆರಂಭಿಸುವುದಾಗಿಯೂ ಅವರು ತಿಳಿಸಿದರು. ನಮ್ಮ ಒಂದು ದಿನದ ನಡಿಗೆಗೆ ಅಷ್ಟು ಫಲ ಸಾಕೆಂದು ನಾವು ಭಾವಿಸುತ್ತೇವೆ.